ಕೊಟ್ಟಿಗೆ ಗೂಡಿನ ಹದಿನಾಲ್ಕು ಚೀಟಿ

ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಅಷ್ಟೇ. ನಲ್ಲೂರಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನ ಸೊಸೆ, ಸರ್ಕಾರಿ ಇಂಗ್ಲಿಷ್ ಟೀಚರ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಸೋತಿದ್ದಳು. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಮೂರನೆಯದೇ ಕೊನೆಯದು. ದೊಡ್ಡ ದೊಡ್ಡ ಇಂಗ್ಲಿಷ್ ಮಾತು ಸಾಲದೆ ಸೋತೆ ಎಂದು ಅವಳೇ ಹೇಳಿದಳು.

ರಟ್ಟು ಕತ್ತರಿಸಿ ಚೀಟಿ ಮಾಡಿದಳು. ಮುಂದೆ ಕನ್ನಡದ ಅರ್ಥ, ಹಿಂದೆ ಇಂಗ್ಲಿಷ್ ಮಾತು, ಅದೂ ನನಗೋಸ್ಕರ ಕನ್ನಡ ಅಕ್ಷರದಲ್ಲಿ. ಸಂಜೆ ಅವಳು ರೊಟ್ಟಿ ತಟ್ಟುವಾಗ ನಾನು ಅರ್ಥ ಓದಬೇಕು, ಅವಳು ಮಾತು ಹೇಳಬೇಕು. ನಾನೊಂದು ಚೀಟಿ ಓದುವಷ್ಟರಲ್ಲಿ ಒಂದು ರೊಟ್ಟಿ ಬೆಂದಿರುತ್ತಿತ್ತು.

ಬರಬರುತ್ತ ಚೀಟಿಯಲ್ಲಿ ಸಾವು, ನಾಶ, ಹಾಳು ಎಂದು ಬರತೊಡಗಿತು. ನಾವು ಅಕ್ಕಿ ಮುಗಿದರೂ ಹೆಚ್ಚಿದೆ ಎನ್ನುವ ಜನ. ದೀಪ ಹಚ್ಚುವ ಹೊತ್ತಿನಲ್ಲಿ ಇಂಥವನ್ನು ಆಡಿದರೆ ಪರೀಕ್ಷೆ ಕೆಡುತ್ತದೆ ಎಂದು ಅವನ್ನೆಲ್ಲ ಆರಿಸಿ ಕೊಟ್ಟಿಗೆಯ ಗೂಡಿನಲ್ಲಿಟ್ಟೆ.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಅವಳು ಎಣಿಸಿದಳು. ಹದಿನಾಲ್ಕು ಕಡಿಮೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ತಂದುಕೊಟ್ಟೆ.

“ಅತ್ತೆ, ಪೇಪರ್ ತೆಗೆಯೋರು ಪಂಚಾಂಗ ನೋಡಿ ತೆಗೀತಾರೇನು? ಕೇಳ್ರಿ ಈಗ, ಒಂದೂ ಬಿಡಬ್ಯಾಡ್ರಿ.”

ಕೇಳಿದೆ. ಸಾವಿಗೇ ಆರು ಚೀಟಿ. ಒಂದು ಸಾವಿಗೆ ಇಷ್ಟೇಕೆ ಎಂದೆ. ಒಂದೇ ಅಲ್ಲ, ದೊಡ್ಡ ಮನುಷ್ಯರದು ಬೇರೆ, ಉಸಿರುಗಟ್ಟಿದ್ದು ಬೇರೆ ಎಂದಳು.

“ಬಾಳ ದಿನ ಕಾದಾಡಿ, ಕಡೀಗೆ ಕೈಲಾಗದೆ ಸೋತು ಹೋಗೋದಕ್ಕೆ ಒಂದೈತೆ. ಸಕಂಬ್ ಅಂತಾರೆ.”

ನನ್ನ ಗಂಡ ಮೂರು ವರ್ಷ ಹಾಸಿಗೆ ಹಿಡಿದು, ದಿನಾ ಏಳಲು ನೋಡಿ, ಸತ್ತವನು. ಊರವರು ‘ಹೋದ’ ಎಂದರು, ಸಂತೆಗೆ ಹೋದ ಹಾಗೆ. ಅವನನ್ನು ಕಾಣದ, ನಮ್ಮ ಸೂಳೆಕೆರೆ ಎಲ್ಲಿದೆ ಎಂದೂ ಗೊತ್ತಿಲ್ಲದ ಇಂಗ್ಲಿಷ್ ಜನ ಅವನ ಸಾವಿಗೆ ಅಳತೆ ಹಿಡಿದ ಹಾಗೆ ಒಂದು ಮಾತು ಮಾಡಿಟ್ಟಿದ್ದರು. ಅದು ನನ್ನ ಸೊಸೆಯ ತಲೆಯೊಳಗೆ ಬಂದು ಕೂತಿತ್ತು. ಚೀಟಿ ತಿರುಗಿಸಿ ಆ ಮಾತನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

“ಮುಂದಿಂದು ಕೇಳ್ರಿ, ರೊಟ್ಟಿ ಸೀಯ್ತೈತೆ,” ಎಂದಳು.

ಹೋದ ತಿಂಗಳು ಪಟ್ಟಿಯಲ್ಲಿ ಅವಳ ನಂಬರು ಬಂತು. ನ್ಯಾಮತಿ ಹತ್ತಿರದ ಹೈಸ್ಕೂಲು ಸಿಕ್ಕಿದೆ. ಚೀಟಿಗಳನ್ನೆಲ್ಲ ಒಲೆಗೆ ಹಾಕಲೇ ಎಂದು ಕೇಳಿದಳು. ಹದಿನಾಲ್ಕು ಬಿಟ್ಟು ಉಳಿದದ್ದು ಹಾಕು ಎಂದೆ.