ಹೊಳೆಯಾಚೆಯ ನಾಲ್ಕು ಮಡಕೆ

ಯುದ್ಧದ ವರ್ಷಗಳಲ್ಲಿ, ಹೊಳೆನರಸೀಪುರದ ಬಳಿ ಹೇಮಾವತಿಯ ಆಚೆ ದಡದಲ್ಲಿ ಹೊಳೆ ಕಾಯುವವನೊಬ್ಬನಿದ್ದ. ನೀರಿನ ಮೊರೆತದಲ್ಲಿ ಕೂಗು ಕೇಳದೆಂದು, ಗೋಡೆಯ ಮೇಲೆ ಸಾಲಾಗಿಟ್ಟ ನಾಲ್ಕು ಮಡಕೆಗಳಿಂದಲೇ ನೀರಿನ ಮಟ್ಟ ತಿಳಿಸುತ್ತಿದ್ದ. ಮೊದಲನೆಯದು ನೆಟ್ಟಗಿದ್ದರೆ ನೀರು ಹೊಳೆಯೊಳಗಿನ ಗುರುತಿನ ಕಲ್ಲಿಗಿಂತ ಮೇಲೆ, ಬೋರಲಿದ್ದರೆ ಕೆಳಗೆ. ಉಳಿದ ಮೂರಕ್ಕೆ ಕ್ರಮವಾಗಿ ನಾಲ್ಕು, ಎರಡು, ಒಂದು ಮೊಳ, ನೆಟ್ಟಗಿರುವುದನ್ನಷ್ಟೇ ಕೂಡಬೇಕು. ಮೂರೂ ಬೋರಲಿದ್ದರೆ ಸೊನ್ನೆ, ನೀರು ಕಲ್ಲಿನ ಮಟ್ಟಕ್ಕೇ ಇದೆ, ಗಾಡಿ ದಾಟಬಹುದಾದ ಕೊನೆಯ ಮಟ್ಟ. ಆಗಲೂ ಅವನು ಮೊದಲನೆಯದನ್ನು ಬಿಡುತ್ತಿರಲಿಲ್ಲ: ಹೊಳೆ ಏರುತ್ತಿದ್ದರೆ ನೆಟ್ಟಗೆ, ಇಳಿಯುತ್ತಿದ್ದರೆ ಬೋರಲು.

“ಸೊನ್ನೆಗೂ ಮುಖ ಅದೆ ಕಣ್ಲಾ,” ನನಗೆ ಅನ್ನುತ್ತಿದ್ದ, ಮಡಕೆಯ ಕಂಠವನ್ನು ಹೆಬ್ಬೆರಳಿನಿಂದ ಸವರುತ್ತ.

ಒಂದು ಮಧ್ಯಾಹ್ನ ನಮ್ಮ ಗಾಡಿಯಲ್ಲಿ ಅಕ್ಕ ಹೆರಿಗೆನೋವಿನಿಂದ ನರಳುತ್ತಿದ್ದಳು. ಸೂಲಗಿತ್ತಿ ಇದ್ದದ್ದು ಆಚೆ ಊರಲ್ಲಿ. ಅಪ್ಪ ಎತ್ತುಗಳನ್ನು ನೀರಿನಂಚಿಗೆ ತಂದರು.

“ಮೂರೂ ಬೋರ್ಲವೆ. ನೀರು ಕಲ್ಲಿಗೇ ಅದೆ, ದಾಟ್ಬುಡ್ತೀನಿ.”

ಅವ್ವ ಮೂಗುದಾರ ಹಿಡಿದು ಜಗ್ಗಿದಳು. “ಮೊದಲ್ನೇದ ನೋಡಿ! ನೆಟ್ಟಗದೆ!”

ಅಕ್ಕ ಮತ್ತೆ ಚೀರಿದಳು. ಚಾವಟಿ ಎತ್ತಿದ ಅಪ್ಪನ ಕೈ ಹಾಗೇ ನಿಂತಿತು.

ನೋಡುನೋಡುತ್ತಿದ್ದಂತೆ ಕಲ್ಲು ಮುಳುಗಿತು. ಬೇರುಸಹಿತ ಮರವೊಂದು ಅದರ ಮೇಲೆ ತೇಲಿಹೋಯಿತು. ಆಚೆ ದಡದಲ್ಲಿ ಅವನು, ನಮ್ಮ ಗಾಡಿಯಿಂದ ಕಣ್ಣು ಕೀಳದೆ, ಕೊನೆಯ ಮಡಕೆಯನ್ನು ನೆಟ್ಟಗಿಟ್ಟ.