ಸೇನಾಧಿಕಾರಿಯ ಕುರ್ಚಿ, ನನ್ನ ಸಹಿ

ಹಾಂಗ್‌ಕಾಂಗನ್ನು ಬ್ರಿಟಿಷರು ಚೀನಾಕ್ಕೆ ಬಿಟ್ಟುಕೊಡುವ ಮುಂಚೆ, ಅಲ್ಲಿನ ಗವರ್ನರನ ಆಡಳಿತ ಮಂಡಳಿಯಲ್ಲಿ ಸೇನೆಯ ಮುಖ್ಯಸ್ಥನಿಗೂ ಒಂದು ಕುರ್ಚಿ ಇತ್ತು. ನನ್ನ ಪಿಎಚ್‌ಡಿ ಆ ಕುರ್ಚಿಯ ಮೇಲೆ. ಇಲ್ಲೇ ಸ್ವೀಡನ್ನಿನ ಕಿಸ್ಟಾದಲ್ಲಿ ಐಟಿ ಕೆಲಸದಲ್ಲಿರುವ ಗೆಳತಿಗೆ ಇದು ಇಂದಿಗೂ ತಮಾಷೆ. "ಸ್ವೀಡನ್‌ಗೆ ಬಂದು ಹಾಂಗ್‌ಕಾಂಗ್ ಕುರ್ಚಿ ಹುಡುಕ್ತಿದೀಯಲ್ಲೇ" ಅನ್ನುತ್ತಾಳೆ.

ನಾನು ಓದಿದ ಸಭಾ ನಡಾವಳಿಗಳಲ್ಲಿ ಆ ಅಧಿಕಾರಿ ಹಾಜರಿ ಪಟ್ಟಿಯಲ್ಲಿದ್ದಾನೆ, ಅಷ್ಟೇ. ಆಡಿದ ಮಾತು ಒಂದೂ ಇಲ್ಲ. ಅವನ ಮೌನ ಪ್ರತಿಭಟನೆಯೇ ಎಂದು ಮೂರನೆಯ ಅಧ್ಯಾಯದಲ್ಲಿ ಎದೆ ತಟ್ಟಿ ಬರೆದಿದ್ದೆ. ನಮ್ಮ ಮನೆಯಲ್ಲಿ ಹಿರಿಯರ ಮಾತು ಒಪ್ಪಿಗೆಯಾಗದಿದ್ದರೆ ನಾವು ಬಾಯಿ ಬಿಡುತ್ತಿರಲಿಲ್ಲ. ತಟ್ಟೆ ನೋಡುತ್ತಾ ಕೂರುತ್ತಿದ್ದೆವು. ಅಜ್ಜಿ ಅಷ್ಟರಲ್ಲೇ ಅರ್ಥಮಾಡಿಕೊಂಡು ಮಾತು ಬದಲಿಸುತ್ತಿದ್ದಳು. ಸೇನಾಧಿಕಾರಿಯೂ ನಮ್ಮ ಮನೆಯವನೇ ಎಂದುಕೊಂಡೆನೋ ಏನೋ.

ನನಗೂ ಒಂದು ಕುರ್ಚಿ ಇತ್ತು. ನಮ್ಮ ವಿಭಾಗದ ಮಂಡಳಿಯಲ್ಲಿ ನಾನು ಸಂಶೋಧನಾ ವಿದ್ಯಾರ್ಥಿಗಳ ಪ್ರತಿನಿಧಿ. ಬೇರೆ ಯಾರೂ ಒಪ್ಪದ್ದರಿಂದ ನನ್ನ ತಲೆಗೆ ಕಟ್ಟಿದ್ದರು. ಕಳೆದ ಚಳಿಗಾಲದ ಸಭೆಯಲ್ಲಿ ಒಂದು ಪ್ರಸ್ತಾಪ ಬಂತು: ದಾಖಲೆಗಳು ತಡವಾಗಿ ಸಿಕ್ಕವು ಎಂಬ ಕಾರಣಕ್ಕೆ ಇನ್ನು ಯಾರಿಗೂ ಹೆಚ್ಚುವರಿ ಕಾಲಾವಕಾಶ ಇಲ್ಲ. ನನ್ನ ದಾಖಲೆಗಳು ಕೈ ಸೇರಿದ್ದೇ ಎಂಟು ತಿಂಗಳು ತಡವಾಗಿ. ಇಲ್ಲಿ ಪಿಎಚ್‌ಡಿ ಎಂದರೆ ಸಂಬಳದ ಕೆಲಸ. ಕಾಲಾವಕಾಶ ಸಿಗದಿದ್ದರೆ ಆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಈ ದೇಶದಲ್ಲಿರುವ ಪರವಾನಗಿಯೂ ಇಲ್ಲ. ಪ್ರಬಂಧ ಅರ್ಧಕ್ಕೇ ನಿಲ್ಲುತ್ತದೆ.

ಅಧ್ಯಕ್ಷೆ "ಹೀಗೇ ತೀರ್ಮಾನಿಸಬಹುದೇ?" ಎಂದು ಕೇಳಿದರು. ಸುತ್ತ ಕೂತವರು ಮೆಲ್ಲಗೆ "ಯಾ", ಹೌದು, ಎಂದರು. ನಾನು ಅನ್ನಲಿಲ್ಲ. ಮುಂದಿದ್ದ ದಾಲ್ಚಿನ್ನಿ ಬನ್ನನ್ನೇ ನೋಡುತ್ತಾ ಕೂತೆ. ನನ್ನ ಮಾರ್ಗದರ್ಶಿ ಎದುರಿಗೇ ಇದ್ದರು. ಅವರಾದರೂ ಮುಖ ನೋಡಿ ತಿಳಿದುಕೊಳ್ಳುತ್ತಾರೆ ಎಂದು ಕಾದೆ. ಅಧ್ಯಕ್ಷೆ ಮರದ ಸುತ್ತಿಗೆ ಕುಟ್ಟಿದರು. ಎಲ್ಲರೂ ಫೀಕಾ ಎಂಬ ಕಾಫಿ ವಿರಾಮಕ್ಕೆ ಎದ್ದರು.

ಕಾಫಿ ಲೋಟ ಹಿಡಿದು ಮಾರ್ಗದರ್ಶಿಯ ಬಳಿ ಹೋಗಿ, ನಾನು ಒಪ್ಪಿರಲಿಲ್ಲ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಹಾಗಿದ್ದರೆ ಯಾಕೆ ಹೇಳಲಿಲ್ಲ, ಇಲ್ಲಿ ಬೇಡ ಅನ್ನದವರೆಲ್ಲ ಒಪ್ಪಿದ ಹಾಗೆ, ಈಗ ತೀರ್ಮಾನ ಬದಲಿಸಲು ಬರುವುದಿಲ್ಲ ಎಂದರು. ಕೆಟ್ಟವರಲ್ಲ. ನನ್ನ ಬನ್ನನ್ನು ಮರೆತು ಬಂದಿದ್ದೆನೆಂದು ತಾವೇ ಹೋಗಿ ತಂದುಕೊಟ್ಟರು.

ಸಂಜೆ ಗೆಳತಿಗೆ ಫೋನ್ ಮಾಡಿದೆ.

"ಒಂದು ನೋ ಅನ್ನಕ್ಕೆ ಆಗ್ಲಿಲ್ವೇನೇ ನಿಂಗೆ? ಅದಕ್ಕೇ ತಾನೇ ಅಲ್ಲಿ ಕೂರ್ಸಿರೋದು?"

"ದೊಡ್ಡೋರೆಲ್ಲ ಇದ್ರು ಕಣೇ."

ಅವಳು ನಗಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನನ್ನ ಕುರ್ಚಿ ಖಾಲಿಯಿದ್ದಿದ್ದರೂ ಅಲ್ಲಿ ಇಷ್ಟೇ ಆಗುತ್ತಿತ್ತು.

ಇಲ್ಲಿ ಪ್ರತಿ ಸಭೆಯ ಮೊದಲಿಗೆ, ನಡಾವಳಿಯನ್ನು ಪರಿಶೀಲಿಸಿ ಸಹಿ ಹಾಕಲು ಒಬ್ಬ ಸದಸ್ಯರನ್ನು ಆರಿಸುತ್ತಾರೆ. ಆ ದಿನದ ಸರದಿ ನನ್ನದಾಗಿತ್ತು. ವಾರ ಕಳೆದು ನಡಾವಳಿ ಬಂತು. ಅದನ್ನು ತೆರೆಯುವ ಮುಂಚೆ ಮೂರನೆಯ ಅಧ್ಯಾಯ ತೆರೆದು, ಮೌನ ಪ್ರತಿಭಟನೆಯ ಪುಟಗಳನ್ನು ಅಳಿಸಿದೆ. ಮುಗಿಯದ ಪ್ರಬಂಧವನ್ನು ತಿದ್ದಿ ಉಪಯೋಗವಿಲ್ಲವೆಂದು ಗೊತ್ತಿತ್ತು.

ಆಮೇಲೆ ನಡಾವಳಿ ಓದಿದೆ. ಹಾಜರಿ ಪಟ್ಟಿಯ ಕೊನೆಯಲ್ಲಿ ನಾನಿದ್ದೆ. ಅದರ ಕೆಳಗೆ ಸರ್ವಾನುಮತದ ತೀರ್ಮಾನ. ಎಲ್ಲಾದರೂ ತಪ್ಪು ಸಿಗಲಿ ಎಂದು ಮೂರು ಸಲ ಓದಿದೆ. ಒಂದೂ ಇರಲಿಲ್ಲ. ಸಹಿ ಹಾಕಿ ಕಳಿಸಿದೆ.