ಎರಡು ಮುಖದ ಹಸು

ಹೋದ ಭಾನುವಾರ ನಾನು ಕೊಡೆ ಬೀಸಿ ಇಡೀ ಸೊಸೈಟಿಯ ಪುಣ್ಯವನ್ನು ಓಡಿಸಿದೆ. ಅದರಲ್ಲಿ ನನ್ನ ಸೊಸೆಯ ಪಾಲೂ ಇತ್ತು.

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಸಣ್ಣ ದೇವಸ್ಥಾನ, ಪಕ್ಕದಲ್ಲಿ ತಗಡಿನ ಮಾಡು. ಅಲ್ಲಿ ವಿಜಯಪುರದ ಶಾಂತವ್ವ ತನ್ನ ಹಸು ಗೌರಿಯನ್ನು ಕಟ್ಟುತ್ತಾಳೆ. ಭಕ್ತರು ಅವಳ ಹತ್ತಿರ ಹುಲ್ಲು ಕೊಂಡು ಅವಳ ಹಸುವಿಗೇ ತಿನ್ನಿಸುತ್ತಾರೆ. (ಇಷ್ಟು ಚಂದದ ಬಿಸಿನೆಸ್ ಬೇರೆ ಉಂಟೇ?)

ಗೌರಿಗೆ ದಿನ ತುಂಬಿತ್ತು. ಒಂದು ವಾರದಿಂದ ಅವಳು ಈ ಲೋಕದಲ್ಲೇ ಇರಲಿಲ್ಲ. ಬಾಯಲ್ಲಿ ಹುಲ್ಲಿದ್ದರೂ ಜಗಿಯುವುದನ್ನು ಮರೆತು, ಕಾರ್ಖಾನೆಗಳ ಕಡೆಯ ಮಬ್ಬನ್ನು ನೋಡುತ್ತ ನಿಲ್ಲುವಳು. ಅಲ್ಲಿ ಏನು ಕಾಣುತ್ತಿತ್ತೋ? ಸಂಜೆ ನಾನೂ ಕಟ್ಟೆಯ ಮೇಲೆ ಕೂತು ಅತ್ತಲೇ ನೋಡುತ್ತಿದ್ದೆ. ದೂರದಲ್ಲಿ ಲೋಕಲ್ ರೈಲು ಹೋಗುವ ಸದ್ದು. ಬೆಳಕು ನಿಧಾನಕ್ಕೆ ಕೆನೆಯ ಬಣ್ಣಕ್ಕೆ ತಿರುಗುವುದು. ನಿದ್ದೆಯಲ್ಲ, ಎಚ್ಚರವೂ ಅಲ್ಲ. ಗೌರಿಯ ಉಸಿರು ಕೇಳುತ್ತ ಕೂತರೆ ಯಾವುದಕ್ಕೂ ಅವಸರವಿಲ್ಲ ಅನ್ನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ನೋವು ಶುರುವಾಯಿತು. ಬಾಲದ ಬುಡದಲ್ಲಿ ಎರಡೂ ಕಡೆ ಕುಳಿ ಬಿದ್ದಿತ್ತು. ಮಲಗುವಳು, ಏಳುವಳು. ಮನೆಗೆ ಬಂದು ಹೇಳಿದೆ, ಅಷ್ಟೇ. ಸೊಸೆ ಸುಜಾತಾ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟಳು.

"ಅತ್ತೆ, ಕರುವಿನ ಮುಖ ಹೊರಗೆ ಬರುವಾಗ ಹಸುವಿಗೆ ಎರಡು ಮುಖ. ಆಗ ಒಂದು ಸುತ್ತು ಬಂದ್ರೆ ಭೂಮಿಗೇ ಪ್ರದಕ್ಷಿಣೆ ಬಂದ ಹಾಗೆ!"

"ಭೂಮಿ ಸುತ್ತಿ ಎಲ್ಲಿಗೆ ಹೋಗ್ಲಿಕ್ಕುಂಟು ಮಾರಾಯ್ತಿ? ಕಡೆಗೆ ಡೊಂಬಿವಲಿಗೇ ಬರ್ಬೇಕಲ್ಲ."

ಕೇಳುವವರು ಯಾರು? ಸ್ವಲ್ಪ ಹೊತ್ತಿಗೆ ಗೌರಿಯ ಸುತ್ತ ರೇಷ್ಮೆ ಸೀರೆ, ಆರತಿ ತಟ್ಟೆ, ಎತ್ತಿ ಹಿಡಿದ ಮೊಬೈಲು. ಯಾರೋ ಗಂಟೆಯನ್ನೂ ಬಾರಿಸಿದರು. ಗೌರಿ ದಡಬಡಿಸಿ ಎದ್ದು ನಿಂತಳು. ಕಿವಿ ನಿಮಿರಿತು. ನೋವು ನಿಂತೇ ಹೋಯಿತು.

ಶಾಂತವ್ವ ನನ್ನ ಕೈ ಹಿಡಿದುಕೊಂಡಳು. "ಅಮ್ಮಾ, ಹ್ವಾದ ಸಲದ ಕರಾ ಸತ್ತು ಹುಟ್ಟಿತ್ರಿ. ಇದೂ ಹಂಗ ಆದ್ರ ನಾ ಏನ್ ಮಾಡ್ಲಿ?"

ನಾನು ಫೋನ್ ಮಾಡಿ ಕರೆಸಿದ ದನದ ಡಾಕ್ಟರ್ ಸ್ಕೂಟರಿನಲ್ಲಿ ಬಂದಳು, ಮರಾಠಿ ಹುಡುಗಿ. ಕೈಹಾಕಿ ನೋಡಿದಳು. ಕರು ಬದುಕಿದೆ, ಸರಿಯಾಗಿಯೇ ಮಲಗಿದೆ. "ಇಂಜೆಕ್ಷನ್ ದೇ ದೋ ನಾ!" ಸೂಜಿ ಹಾಕಿಬಿಡಿ ಎಂದು ಹಿಂದಿನಿಂದ ಒಂದು ಗಂಡಸಿನ ದನಿ. ಡಾಕ್ಟರ್ ತಿರುಗಿಯೂ ನೋಡಲಿಲ್ಲ. "ಆಜೀ, ಪೆಹಲೇ ಭೀಡ್ ಹಟಾವೋ." ಅಜ್ಜೀ, ಮೊದಲು ಈ ಗುಂಪನ್ನು ಓಡಿಸಿ ಎಂದು ನನಗೆ.

ಯಾಕೆಂದು ಅವಳೇ ಬಿಡಿಸಿ ಹೇಳಿದಳು. ಬಸಿರನ್ನು ಹಿಡಿದಿಡುವ ಹಾರ್ಮೋನು ಪ್ರೊಜೆಸ್ಟೆರಾನ್. ಕೊನೆಯಲ್ಲಿ ಅದು ಇಳಿದು ಈಸ್ಟ್ರೋಜನ್ ಏರುತ್ತದೆ. ರಿಲ್ಯಾಕ್ಸಿನ್ ಎಂಬುದು ಸೊಂಟದ ಕಟ್ಟು ಸಡಿಲಿಸುತ್ತದೆ. ಆ ಕುಳಿ ಬಿದ್ದದ್ದು ಅದಕ್ಕೇ. ಆಮೇಲೆ ಬರುವುದು ಆಕ್ಸಿಟೋಸಿನ್. ಕರುವನ್ನು ದೂಡುವುದು, ಹಾಲು ಇಳಿಸುವುದು, ತಾಯಿಗೆ ಕರುವಿನ ಮೇಲೆ ಮೋಹ ಬರಿಸುವುದು, ಎಲ್ಲ ಅದರ ಕೆಲಸವಂತೆ. ಆದರೆ ಹೆದರಿದರೆ ಅಡ್ರಿನಲಿನ್ ನುಗ್ಗಿ ನೋವನ್ನು ತಡೆಯುತ್ತದೆ. ಹುಲಿ ಬಂದಾಗ ಹೆರುತ್ತ ಮಲಗಿದರೆ ಆಗುತ್ತದೆಯೇ? ಇಲ್ಲಿ ಹುಲಿಗಳು ರೇಷ್ಮೆ ಉಟ್ಟು ಬಂದಿದ್ದವು.

ನಾನು ಕೊಡೆ ಎತ್ತಿದೆ.

"ಅತ್ತೆ, ನಾನೂ ಹೋಗ್ಬೇಕಾ?"

"ನಿನ್ನ ಹೆರಿಗೆ ದಿನ ಈ ಗ್ರೂಪಿನವರೆಲ್ಲ ಗಂಟೆ ಬಾರಿಸಿಕೊಂಡು ನಿನ್ನ ಮಂಚ ಸುತ್ತಿದ್ರೆ?"

ಸೊಸೆ ಎಲ್ಲರಿಗಿಂತ ಮೊದಲು ಗೇಟು ದಾಟಿದಳು.

ಡಾಕ್ಟರ್ ಸ್ಕೂಟರಿನ ಹತ್ತಿರ ಹೋಗಿ ನಿಂತಳು. ನಾನು, ಶಾಂತವ್ವ ಗೌರಿಗೆ ಬೆನ್ನು ಹಾಕಿ ಕೂತೆವು. ಬಿಸಿಲು ತಗಡಿನಿಂದ ಇಳಿದು ನೆಲಕ್ಕೆ ಬಂತು. ಹಿಂದೆ ಹುಲ್ಲಿನ ಸರಸರ, ಒಂದು ಉದ್ದನೆಯ ಉಸಿರು, ಮತ್ತೊಂದು. ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು. ಶಾಂತವ್ವನ ಉಗುರು ನನ್ನ ಅಂಗೈಗೆ ಒತ್ತುತ್ತಿತ್ತು.

ಆಮೇಲೆ ಒದ್ದೆ ಬಟ್ಟೆ ಬಿದ್ದಂತೆ ಸದ್ದು. ತಿರುಗಲು ಧೈರ್ಯವಾಗಲಿಲ್ಲ. ದೊರಗು ನಾಲಿಗೆ ನೆಕ್ಕುವ ಸದ್ದು ಕೇಳಿತು. ಗೌರಿ ಗಂಟಲಲ್ಲೇ ಮೆಲ್ಲಗೆ ಹೂಂಗುಟ್ಟಿದಳು. ಅದಕ್ಕೆ ಒಂದು ಎಳೆಯ ದನಿ ಉತ್ತರ ಕೊಟ್ಟಿತು. ಶಾಂತವ್ವ ಕೈ ಬಿಟ್ಟಳು.

ಸಂಜೆ ಸುಜಾತಾ ಕೇಳಿದಳು. "ನೀವಾದ್ರೂ ಎರಡು ಮುಖ ನೋಡಿದ್ರಾ?"

"ಇಲ್ಲ."

"ಅಯ್ಯೋ, ಹಾಗಾದ್ರೆ ಯಾರಿಗೂ ಏನೂ ಸಿಗ್ಲಿಲ್ಲ!"

ಕರುವಿಗೆ ತಾಯಿ ಸಿಕ್ಕಿದಳು. ಇನ್ನು ಯಾರಿಗೆ ಏನು ಸಿಗಬೇಕಿತ್ತು?